ಹಿಂದೆ ಹುಕ್ಕಿನ ಬ್ಲೌಸು

ಸುಮಾಳನ್ನು ಮಗನಿಗೆ ಕೇಳಲು ಹೋದ ದಿನ ಉಚ್ಚಂಗಮ್ಮ ಹರಿಹರದಲ್ಲಿ ಒಂದು ಮಾತು ಕೊಟ್ಟು ಬಂದಿದ್ದಳು. ಅದಕ್ಕೆ ಏಳು ವರ್ಷವಾಯಿತು. ಹುಡುಗಿಯ ತಾಯಿ ಕೆಂಚಮ್ಮ, ಗಂಡ ಸತ್ತ ಮೇಲೆ ಅವರಿವರ ಮನೆಯ ಪಾತ್ರೆ ತಿಕ್ಕಿ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವಳು. ಅವಳು ಬಂಗಾರದ ಮಾತು ಎತ್ತಲಿಲ್ಲ, ಬಟ್ಟೆಯ ಮಾತು ಎತ್ತಲಿಲ್ಲ. ಎಲೆ ಅಡಿಕೆಯ ತಟ್ಟೆ ಮುಂದಿಟ್ಟು, "ನಂದು ಒಂದೇ ಐತ್ರಿ. ಸುಮಾನ ಕೆಲಸ ಬಿಡಿಸಬ್ಯಾಡ್ರಿ. ಅಷ್ಟು ಮಾತು ಕೊಡ್ರಿ ಸಾಕು," ಎಂದಳು. ಗಂಡಸರು ಒಬ್ಬರ ಮುಖ ಒಬ್ಬರು ನೋಡುತ್ತ ಕೂತರು. ಉಚ್ಚಂಗಮ್ಮನೇ ಬಾಗಿ ಅವಳ ಕೈ ಹಿಡಿದು, "ನಾ ಇರೋ ತನಕ ನಿಮ್ಮ ಮಗಳಿಗೆ ಕೆಲಸ ಬಿಡು ಅನ್ನೋ ಮಾತು ನನ್ನ ಬಾಯಾಗೆ ಬರಲ್ಲ," ಎಂದಳು.

ಕೆಂಚಮ್ಮ ತೀರಿಕೊಂಡು ಎರಡು ವರ್ಷ. ಸುಮಾ ಮದುವೆಯಾದ ಮೇಲೂ ಹರಿಹರದ ಅದೇ ಖಾಸಗಿ ಶಾಲೆಗೆ ಹೋಗುತ್ತಿದ್ದಳು. ದಾವಣಗೆರೆಯ ನಿಟ್ಟುವಳ್ಳಿಯಿಂದ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಆರು ವರ್ಷ ಕಾದ ಮೇಲೆ ಹೆಣ್ಣು ಕೂಸು ಹುಟ್ಟಿತು. ಕೃತಿಕಾ ಎಂದು ಹೆಸರಿಟ್ಟರು. ಕೂಸಿಗೆ ನಾಲ್ಕು ತಿಂಗಳಾಗುವಷ್ಟರಲ್ಲಿ ಶಾಲೆ ಕೊಟ್ಟ ರಜೆ ಮುಗಿಯಿತು. ಆಷಾಢದ ಮೊದಲ ವಾರ ಸುಮಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ಅವಳ ಅಕ್ಕ ರೇಖಾಳ ಮನೆ ಶಾಲೆಯ ಹಿಂದಿನ ಓಣಿಯಲ್ಲೇ ಇತ್ತು. ಕೂಸನ್ನು ಅಲ್ಲಿ ಬಿಡುವುದು, ಬಿಡುವಿನ ಹೊತ್ತಿನಲ್ಲಿ ಓಡಿ ಹೋಗಿ ಹಾಲು ಕುಡಿಸುವುದು, ಸಂಜೆ ಕರೆತರುವುದು. ಕೂಸು ಬಾಟಲಿಯನ್ನು ನಾಲಗೆಯಿಂದ ನೂಕುತ್ತಿತ್ತು. ಹಾಗಾಗಿ ಬೇರೆ ದಾರಿ ಇರಲಿಲ್ಲ.

ತೊಂದರೆಯೆಲ್ಲ ಬಸ್ಸಿನದು. ಮನೆಯಲ್ಲಿ ಏಳಕ್ಕೆ ಕುಡಿಸಿದ ಹಾಲು ಎಂಟೂವರೆಗೆ ಕರಗಿ ಹೋಗುತ್ತಿತ್ತು. ಕೂಸು ಊರು ದಾಟುವುದರೊಳಗೆ ಕಿರುಚಲು ಸುರು ಮಾಡುತ್ತಿತ್ತು. ಸುಮಾ ಮನೆಯಲ್ಲೇ ಯಾರ ಎದುರಿಗೂ ಕೂಸಿಗೆ ಎದೆ ಕೊಟ್ಟವಳಲ್ಲ. ರೂಮಿನ ಬಾಗಿಲು ಮುಂದೆ ಮಾಡಿ, ಜೋಳದ ಡ್ರಮ್ಮಿನ ಹಿಂದೆ ಗೋಡೆಗೆ ಮುಖ ಮಾಡಿ ಕೂರುವವಳು. ಬಸ್ಸಿನಲ್ಲಿ ಐವತ್ತು ಜನರ ನಡುವೆ ಹೇಗೆ ಕುಡಿಸಿಯಾಳು? ಕೂಸಿನ ಬೆನ್ನು ತಟ್ಟುತ್ತ, ಅತ್ತಿತ್ತ ನೋಡುತ್ತ, ತಾಳಲಾರದೆ ನಡುದಾರಿಯ ದೊಡ್ಡಬಾತಿಯಲ್ಲಿ ಇಳಿದುಬಿಡುತ್ತಿದ್ದಳು. ಮುಂದಿನ ಬಸ್ಸು ಹಿಡಿದು ಶಾಲೆ ಮುಟ್ಟುವಾಗ ಪ್ರಾರ್ಥನೆ ಮುಗಿದಿರುತ್ತಿತ್ತು.

ಎರಡನೇ ವಾರದ ಶನಿವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಸುಮಾ ಮೆಲ್ಲಗೆ ಹೇಳಿದಳು. "ಹೆಡ್ ಮಿಸ್ ಕರೆದಿದ್ರು. ಮುಂದೆ ಮೂರು ಸಲ ಲೇಟಾದ್ರೆ ಬೇರೆಯವರನ್ನ ನೋಡ್ಕಂತೀವಿ ಅಂದ್ರು."

ಹರೀಶ ಲಗೇಜ್ ಆಟೋ ಓಡಿಸುವವನು. ಬೆಳಗಿನಿಂದ ಸಿಮೆಂಟು ಹೊತ್ತು ಬಂದಿದ್ದ. ರೊಟ್ಟಿ ಮುರಿಯುತ್ತ, "ನೋಡ್ಕಳ್ಳಲಿ ಬಿಡು. ದಿನಾ ಈ ರಾಮಾಯಣ ಯಾರಿಗೆ ಬೇಕಾಗೈತೆ," ಎಂದ.

"ನೀ ಸುಮ್ನೆ ಉಣ್ಣು," ಉಚ್ಚಂಗಮ್ಮ ಮಗನಿಗೆ ಪಲ್ಯ ಬಡಿಸಿದಳು. "ಬಸ್ಸಿನಾಗೆ ಕೂಸಿಗೆ ಹಾಲು ಕೊಡೋಕೆ ಏನು ಧಾಡಿ ಈಕಿಗೆ? ನಾ ನಿನ್ನ ಸಂತಿಯಾಗೆ ಕುಡಿಸೀನಿ, ಲಾರಿಯಾಗೆ ಕುಡಿಸೀನಿ. ಯಾರ ಕಣ್ಣು ಬಿತ್ತು? ಸೆರಗು ಅಂತ ಒಂದು ದೇವರು ಯಾಕ ಕೊಟ್ಟಾನ?"

ಸುಮಾ ತಟ್ಟೆ ನೋಡುತ್ತ ಕೂತಳು.

"ಮಾತಾಡವ್ವ. ಬಾಯಿ ಐತಲ್ಲ."

"ಆಗಲ್ರಿ ಅತ್ತೆ," ಎಂದಳು ಸುಮಾ, ಅಷ್ಟೇ.

ಹೊರಗಿನ ಕೋಣೆಯಲ್ಲಿ ಮಿಷನ್ನಿನ ಸದ್ದು ಜೋರಾಯಿತು. ಉಚ್ಚಂಗಮ್ಮನ ಗಂಡ ಗೋಣೆಪ್ಪ ನಿಟ್ಟುವಳ್ಳಿಯಲ್ಲಿ ಮೂವತ್ತು ವರ್ಷದಿಂದ ಹೆಂಗಸರ ಬ್ಲೌಸು ಹೊಲಿಯುತ್ತಿದ್ದ ಟೈಲರ್. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಒಳಗಿನ ಮಾತು ಅವನಿಗೆ ಪೂರಾ ಕೇಳಿಸುತ್ತಿತ್ತು. ಸೊಸೆಯ ಮಾತು ಬಂದಾಗ ಅವನು ಮಿಷನ್ ನಿಲ್ಲಿಸುತ್ತಿದ್ದ. ಹಾಲಿನ ಮಾತು ಬಂದ ಕೂಡಲೇ ಇನ್ನೂ ಜೋರಾಗಿ ತುಳಿಯುತ್ತಿದ್ದ. ಈಗಲೂ ತುಳಿದ.

ಸೋಮವಾರ ಉಚ್ಚಂಗಮ್ಮ ತಾನೇ ಜೊತೆಗೆ ಹೊರಟಳು. ಐದಕ್ಕೆ ಎದ್ದು ರೊಟ್ಟಿ ತಟ್ಟಿ, ನೀರು ಹಿಡಿದು, ಗಂಡನಿಗೆ ಉಪ್ಪಿಟ್ಟು ಮುಚ್ಚಿಟ್ಟು, ಆಧಾರ್ ಕಾರ್ಡು ಎಲೆ ಅಡಿಕೆ ಚೀಲದಲ್ಲಿ ಹಾಕಿಕೊಂಡಳು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಸೀಟು ಸಿಗುವುದೇ ದೊಡ್ಡದು. ಎಂಟೂಕಾಲರ ಬಸ್ಸಿನಲ್ಲಿ ಉಚ್ಚಂಗಮ್ಮ ಮೊಣಕೈ ಬೀಸಿ ಎರಡು ಸೀಟು ಹಿಡಿದಳು. ಸೊಸೆಯನ್ನು ಕಿಟಕಿಯ ಕಡೆ ಕೂರಿಸಿ ತಾನು ಈಚೆ ಅಡ್ಡ ಕೂತಳು. ಊರು ದಾಟಿತು. ಕೂಸು ಸುರು ಮಾಡಿತು.

"ಹೂಂ, ಕುಡಿಸು."

ಸುಮಾ ಅಲ್ಲಾಡಲಿಲ್ಲ.

"ನಾ ಅಡ್ಡ ಇದೀನಲ್ಲ. ಯಾರು ನೋಡ್ತಾರೆ?" ಉಚ್ಚಂಗಮ್ಮ ತಾನೇ ಕೈ ಹಾಕಿ ಸೊಸೆಯ ಹೆಗಲ ಪಿನ್ನು ಬಿಚ್ಚಿದಳು. ನೆರಿಗೆ ಹಿಡಿದ ಸೆರಗು ಸಡಿಲವಾಯಿತು. ಅದನ್ನು ಕೂಸಿನ ತಲೆಯ ಮೇಲೆ ಎಳೆದು, "ಹುಕ್ಕು ಬಿಚ್ಚು ಇನ್ನ," ಎಂದಳು.

"ಅತ್ತೆ, ಹುಕ್ಕು ಹಿಂದೆ ಅದಾವೆ."

ಉಚ್ಚಂಗಮ್ಮನ ಕೈ ಹಾಗೇ ನಿಂತಿತು. ಅವಳು ಸೊಸೆಯ ಕುತ್ತಿಗೆ ನೋಡಿದಳು. ಮುಂದೆ ಗಂಟಲವರೆಗೆ ಮುಚ್ಚಿದ ಕಾಲರು. ಅದು ಶಾಲೆಯ ಯೂನಿಫಾರ್ಮಿನ ಬ್ಲೌಸು. ಹೋದ ವರ್ಷ ಹದಿನಾಲ್ಕು ಜನ ಮಿಸ್ಸುಗಳಿಗೆ ಇದೇ ನಮೂನೆ ಬೇಕೆಂದು ಸುಮಾಳೇ ಆರ್ಡರ್ ತಂದಿದ್ದಳು. ಗೋಣೆಪ್ಪ ಹೊಲಿದಿದ್ದ. ಹೆಮ್ಮಿಂಗು, ಕಾಜಾ, ಹುಕ್ಕು ಉಚ್ಚಂಗಮ್ಮನ ಕೆಲಸ. ಬೆನ್ನಿನ ಮೇಲೆ ಒಂದೊಂದಕ್ಕೆ ಏಳು ಹುಕ್ಕಿನಂತೆ ಹದಿನಾಲ್ಕೂ ಬ್ಲೌಸಿಗೆ ಕೂರಿಸಿದ ಕೈ ಇದೇ. ಸುಮಾ ಮನೆಯಲ್ಲಿ ಜಿಪ್ಪಿನ ನೈಟಿ ಹಾಕುತ್ತಾಳೆ. ಶಾಲೆಯ ಬ್ಲೌಸಿನಲ್ಲಿ ಕೂಸಿಗೆ ಹಾಲು ಕೊಡುವುದು ಹೇಗೆಂದು ಈ ಎರಡು ವಾರದಲ್ಲಿ ಉಚ್ಚಂಗಮ್ಮನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಮತ್ತೆ ದೊಡ್ಡಬಾತಿಯಾಗೆ ಇಳಿದು ಏನ್ಮಾಡ್ತಿದ್ದೆ?"

"ಸ್ಟಾಪಿನ ಹತ್ರ ಮೆಹರ್ ಬಾನು ಅಂತ ಒಬ್ರು ಅದಾರೆ. ಮೊದಲ ದಿನ ನಾ ಅಳ್ತಾ ನಿಂತಿದ್ದು ನೋಡಿ ಅವರ ಮನೆಯೊಳಗೆ ಕರೆದ್ರು. ಅವರೇ ಹುಕ್ಕು ಬಿಚ್ತಾರೆ, ಅವರೇ ಹಾಕ್ತಾರೆ."

"ಹಾದಿಯಾಗಿನ ಹೆಂಗಸಿಗೆ ಗೊತ್ತು. ಮನಿಯಾಗಿನ ಅತ್ತಿಗೆ ಗೊತ್ತಿಲ್ಲ."

"ಮಾವ ಹೊಲಿದದ್ದು. ಇದು ಸರಿಯಿಲ್ಲ ಅಂತ ಹೆಂಗೆ ಹೇಳ್ಲಿ? ಅದೂ ಈ ವಿಷಯಕ್ಕೆ."

ಕೂಸು ಹರಿಹರದವರೆಗೂ ಅತ್ತಿತು. ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ.

ಅವತ್ತು ಸಂಜೆ ಗೋಣೆಪ್ಪ ಚಾ ಕುಡಿಯುವಾಗ ಅವಳು ಎದುರಿಗೆ ಕೂತಳು. "ಏನ್ರಿ, ಸುಮಾಂದು ಸಾಲಿ ಬ್ಲೌಸು ಬಿಚ್ಚಿ ಬೇರೆ ಥರ ಹೊಲೀಬೇಕು."

"ಯಾಕ? ಫಿಟ್ಟಿಂಗ್ ಕೂತೈತಲ್ಲ."

"ಕೂಸಿಗೆ ಹಾಲು..."

"ಲೇ, ಆ ಮಾತು ನನ್ನ ಹತ್ರ ತರಬ್ಯಾಡ." ಗೋಣೆಪ್ಪ ಲೋಟ ಕೆಳಗಿಟ್ಟ.

"ನಿಮ್ಮ ಹತ್ರ ತರದೆ ಪಿ.ಜೆ. ಬಡಾವಣೆಯ ಲೇಡೀಸ್ ಟೈಲರ್ ಹತ್ರ ತಗೊಂಡು ಹೋಗ್ಲಾ? ಸಾವಿರಗಟ್ಲೆ ಬ್ಲೌಸು ಹೊಲಿದಿರಿ. ಎಲ್ಲಾ ಹೆಂಗಸರದೇ. ಆವಾಗ ನಾಚಿಕಿ ಬರಲಿಲ್ಲ."

"ಅವ್ರು ಗಿರಾಕಿ. ಈಕಿ ಸೊಸಿ."

"ಸೊಸಿ ಅಲ್ಲ, ಗಿರಾಕಿ ಅಂತ ತಿಳ್ಕಳ್ರಿ. ರೊಕ್ಕ ನಾ ಕೊಡ್ತೀನಿ."

ಗೋಣೆಪ್ಪ ಚಾಕ್‌ಪೀಸನ್ನು ಬೆರಳಲ್ಲಿ ತಿರುಗಿಸಿದ. ಗೋಡೆಗೆ ಹೇಳುವವನ ಹಾಗೆ ಹೇಳಿದ. "ಕಾಲರ್ ಹಂಗೇ ಇರಲಿ, ಇಲ್ಲಾಂದ್ರೆ ಸಾಲಿಯವರು ಬಯ್ತಾರೆ. ಮುಂದೆ ಎರಡು ಪದರ ಮಾಡ್ತೀನಿ. ಒಳಗಿನ ಪದರಕ್ಕೆ ಎರಡೂ ಕಡೆ ಸೀಳು, ಒತ್ತಿ ಕೂಡಿಸೋ ಟಿಚ್ ಬಟನ್ನು. ಮೇಲಿನ ಪದರ ಕೆಳಗಿಂದ ಎತ್ತಿದ್ರೆ ಆತು. ನೋಡಿದವ್ರಿಗೆ ಗೊತ್ತಾಗಲ್ಲ." ಅಷ್ಟು ಹೇಳಿ ಎದ್ದು ಹೋಗಿ ಬೀದಿಯಲ್ಲಿ ನಿಂತ.

ಎರಡು ರಾತ್ರಿ ಕೂತು ಎರಡು ಬ್ಲೌಸು ಹೊಲಿದ. ಮಾವನಾದವನು ಸೊಸೆಯ ಮೈಗೆ ಟೇಪು ಹಿಡಿಯುವುದಿಲ್ಲ. ಮೊದಲಿನಿಂದಲೂ ಸುಮಾಳ ಹಳೆಯ ಅಳತೆ ಬ್ಲೌಸು ಒಂದಿತ್ತು, ಅದನ್ನೇ ಬಟ್ಟೆಯ ಮೇಲೆ ಹಾಸಿ ಕತ್ತರಿಸಿದ. ಅದು ಮದುವೆಯ ವರ್ಷದ ಅಳತೆ. ಬಾಣಂತಿಯ ಮೈ ಬೇರೆ ಎಂಬುದು ಅವನಿಗೆ ಗೊತ್ತಿತ್ತು, ಉಚ್ಚಂಗಮ್ಮನಿಗೆ ಗೊತ್ತಿತ್ತು. ಇಬ್ಬರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ. ಎರಡು ಪದರಕ್ಕೂ ಸೇರಿ ಒಂದಿಷ್ಟು ಅಂದಾಜಿಗೆ ಬಿಟ್ಟರೆ ಸಾಕೆಂದು ಗೋಣೆಪ್ಪ ಅರ್ಧ ಇಂಚು ಬಿಟ್ಟ.

ಸುಮಾ ಹಾಕಿಕೊಂಡಳು. "ಸರಿಯಾಗೈತೆ," ಎಂದಳು. ಮೂರು ದಿನ ಹಾಕಿಕೊಂಡು ಹೋದಳು. ನಾಲ್ಕನೇ ದಿನ ಸಂಜೆ ಬಂದವಳು ಕೂಸನ್ನು ಹರೀಶನ ಕೈಗೆ ಕೊಟ್ಟು ಗೋಡೆ ಹಿಡಿದು ಕೂತಳು. ಮೈ ಸುಡುತ್ತಿತ್ತು.

ಉಚ್ಚಂಗಮ್ಮ ರೂಮಿನ ಬಾಗಿಲು ಹಾಕಿ ನೋಡಿದಳು. ಬಿಗಿದ ಬಟ್ಟೆಯ ಗೆರೆ ಮೈಯಲ್ಲಿ ಕೆಂಪಗೆ ಕೂತಿತ್ತು. ಹಾಲು ಗಡ್ಡೆ ಕಟ್ಟಿತ್ತು.

"ಬಿಗಿ ಆಗೈತೆ ಅಂತ ಹೇಳೋಕೆ ಏನಾಗಿತ್ತು?"

"ಮಾವ ಎರಡು ರಾತ್ರಿ ಕೂತು ಹೊಲಿದ್ರು."

"ಅವ್ರು ಹೊಲಿದ್ರು ಅಂತ ನೀ ಸಾಯ್ತೀಯಾ? ಯವ್ವಾ, ನಿನ್ನ ನಾಚಿಕಿ ಒಂದು ಕಡೆ, ಅವರ ನಾಚಿಕಿ ಒಂದು ಕಡೆ. ನಡುವೆ ನನ್ನ ಹೆಣ ಬೀಳ್ತೈತೆ."

ಬಿಸಿನೀರಿನ ಬಟ್ಟೆ ಹಾಕಿದಳು. ಕೂಸಿಗೆ ಆ ಕಡೆಯೇ ಮತ್ತೆ ಮತ್ತೆ ಕುಡಿಸಲು ಹೇಳಿದಳು. ಮರುದಿನ ಹರೀಶ ಆಟೋದಲ್ಲಿ ಕೂರಿಸಿಕೊಂಡು ಡಾಕ್ಟರ ಹತ್ತಿರ ಹೋಗಿ ಮಾತ್ರೆ ತಂದ. ಎರಡು ದಿನ ಶಾಲೆ ತಪ್ಪಿತು. ಹೆಡ್ ಮಿಸ್ಸಿಗೆ ಫೋನು ಮಾಡಿದ್ದು ಹರೀಶನೇ. ಮಾತು ಮುಗಿಸಿ, "ರಜೆ ಕೊಟ್ರು, ಒಳ್ಳೆ ಮಾತು ಮಾತ್ರ ಕೊಡಲಿಲ್ಲ," ಎಂದ.

ಜ್ವರ ಇಳಿದ ದಿನ ಉಚ್ಚಂಗಮ್ಮ ಒಂದು ಬಿಳಿ ದಾರದ ಉಂಡೆ ತಗೊಂಡು ರೂಮಿಗೆ ಹೋದಳು. ಅವಳಿಗೆ ಟೇಪಿನ ನಂಬರು ಓದಲು ಬರುವುದಿಲ್ಲ. ಸೊಸೆಯನ್ನು ನಿಲ್ಲಿಸಿ, ದಾರ ಸುತ್ತಿ, ಎಲ್ಲಿ ಎಷ್ಟೋ ಅಷ್ಟಕ್ಕೆ ಗಂಟು ಹಾಕಿದಳು. ಎದೆಗೆ ಒಂದು ಗಂಟು, ಅದರ ಕೆಳಗೆ ಎರಡು, ಸೊಂಟಕ್ಕೆ ಮೂರು. ಸುಮಾ ಕಣ್ಣು ಮುಚ್ಚಿಕೊಂಡು ನಿಂತಳು.

"ಕಣ್ಣು ತೆರಿಯವ್ವ. ಫೋಟೋ ತೆಗೀತಿಲ್ಲ."

ಸುಮಾ ನಕ್ಕಳು. ಆ ತಿಂಗಳಲ್ಲಿ ಉಚ್ಚಂಗಮ್ಮ ಅವಳ ನಗು ಕೇಳಿದ್ದು ಅದೇ ಮೊದಲು.

ದಾರವನ್ನು ಗಂಡನ ಮುಂದೆ ಇಟ್ಟಳು. ಗೋಣೆಪ್ಪ ಯಾವುದರ ಗಂಟು ಯಾವುದೆಂದು ಕೇಳಲಿಲ್ಲ. ಟೇಪಿನ ಮೇಲೆ ದಾರ ಹಾಸಿ, ನಂಬರು ಗುರುತು ಹಾಕಿಕೊಂಡು, ಆ ಎರಡೂ ಬ್ಲೌಸು ಬಿಚ್ಚಿ ಹೊಸದಾಗಿ ಕೂಡಿಸಿದ. ಈ ಸಲ ಸರಿಯಾಗಿ ಕೂತಿತು.

ಬ್ಲೌಸು ಸರಿಯಾದರೂ ಬಸ್ಸಿನಲ್ಲಿ ಸುಮಾಳ ಕೈ ಏಳಲಿಲ್ಲ. ಅದಕ್ಕೆ ಉಚ್ಚಂಗಮ್ಮ ದಿನಾ ಜೊತೆಗೆ ಹೋಗಿ ಹೇಳಿಕೊಡಬೇಕಾಯಿತು. ಹತ್ತುವ ಮೊದಲೇ ಹೆಗಲ ಪಿನ್ನು ತೆಗಿ. ಕಿಟಕಿ ಸೀಟೇ ಹಿಡಿ. ಕೂಸು ಅತ್ತ ಮೇಲೆ ಕೊಟ್ಟರೆ ಬಸ್ಸೆಲ್ಲ ತಿರುಗಿ ನೋಡುತ್ತೆ, ಅಳುವ ಮೊದಲೇ ಬಾಯಿಗೆ ಇಡು. ಸೆರಗು ಕೂಸಿನ ಮುಖದ ಮೇಲೆ ಬಿಗಿಯಾಗಿ ಎಳೀಬ್ಯಾಡ, ಅದಕ್ಕೂ ಉಸಿರು ಬೇಕು, ಹೆಗಲಿಂದ ಇಳಿಬಿಡು. ಮುಖ ಕೆಳಗೆ ಹಾಕಬ್ಯಾಡ, ಕಳ್ಳತನ ಮಾಡಿದವರ ಹಂಗೆ ಕಾಣ್ತೈತೆ, ಹೊರಗೆ ನೋಡ್ತಾ ಕೂಡ್ರು. ಮೊದಲೆರಡು ದಿನ ಸುಮಾ ಟಿಚ್ ಬಟನ್ನು ಬಿಚ್ಚಲೇ ಇಲ್ಲ. ಮೂರನೇ ದಿನ ದೊಡ್ಡಬಾತಿ ಬರುವಷ್ಟರಲ್ಲಿ ಕೂಸು ಚಪ್ಪರಿಸುವ ಸದ್ದು ಕೇಳಿತು. ಎದುರು ಸೀಟಿನ ಹೆಂಗಸು ಕಡ್ಲೆಕಾಯಿ ತಿನ್ನುತ್ತಿದ್ದಳು. ಅವಳಿಗೆ ಗೊತ್ತೂ ಆಗಲಿಲ್ಲ. ಆದರೆ ಅತ್ತೆ ಪಕ್ಕದಲ್ಲಿ ಇದ್ದರಷ್ಟೇ ಇದೆಲ್ಲ. ಒಂದು ದಿನ ಉಚ್ಚಂಗಮ್ಮನಿಗೆ ಹಿಂದಿನ ಸೀಟು ಸಿಕ್ಕಿತು. ಅವತ್ತು ಕೂಸು ಹರಿಹರದವರೆಗೂ ಉಪವಾಸ.

ಬೆಳಿಗ್ಗೆ ಹೋಗಿ ಬಿಟ್ಟು ಬರುವುದು, ಸಂಜೆ ಮತ್ತೆ ಹೋಗಿ ಕರೆತರುವುದು. ದಿನಕ್ಕೆ ನಾಲ್ಕು ಬಸ್ಸು. ಶ್ರಾವಣ ಬಂತು. ವರಮಹಾಲಕ್ಷ್ಮಿ ಹಬ್ಬದ ಬ್ಲೌಸುಗಳು ಮುಂದಿನ ಕೋಣೆಯಲ್ಲಿ ರಾಶಿ ಬಿದ್ದವು. ಗೋಣೆಪ್ಪ ಹೊಲಿದು ಹೊಲಿದು ಇಡುತ್ತಿದ್ದ, ಹೆಮ್ಮಿಂಗಿಗೆ ಕೈ ಇರಲಿಲ್ಲ. ಉಚ್ಚಂಗಮ್ಮ ಊಟದ ತಟ್ಟೆ ಪಕ್ಕಕ್ಕಿಟ್ಟುಕೊಂಡು ಹುಕ್ಕು ಹಾಕುತ್ತಿದ್ದಳು. ಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ದಪ್ಪವಾಗಿತ್ತು. ಮೊಣಕಾಲು ಬಸ್ಸಿನ ಮೆಟ್ಟಿಲು ಕಂಡರೆ ಹೆದರುತ್ತಿತ್ತು.

ನಿಜಲಿಂಗಪ್ಪ ಬಡಾವಣೆಯಿಂದ ದ್ರಾಕ್ಷಾಯಣಮ್ಮ ಎಂಬ ಹಳೆಯ ಗಿರಾಕಿ ಸ್ಕೂಟಿಯಲ್ಲಿ ಬಂದರು. "ಏನ್ ಗೋಣೆಪ್ಪ, ಸೋಮವಾರ ಅಂದಿದ್ದೆ, ಗುರುವಾರ ಬಂತು. ಹಬ್ಬ ಮುಂದಿನ ವಾರ ಐತೆ. ನಾ ಹಳೇದು ಹಾಕ್ಕಂಡು ಕಳಸ ಇಡ್ಲಾ?"

"ಹೊಲಿದಾಗೈತ್ರಿ ಅಮ್ಮಾರೆ. ಹುಕ್ಕು ಒಂದು ಬಾಕಿ."

"ನಿನ್ನ ಹೆಂಡ್ತಿ ಎಲ್ಲಿ?"

"ಇಲ್ಲೇ ಇದೀನಿ ತಾಯಿ," ಉಚ್ಚಂಗಮ್ಮ ಒಳಗಿನಿಂದ ಬಂದಳು. ಕೈಯಲ್ಲಿ ಚೀಲ, ಕಾಲಲ್ಲಿ ಚಪ್ಪಲಿ. "ಹರಿಹರಕ್ಕೆ ಹೊಂಟೀನಿ. ಬಂದು ಹಾಕಿಕೊಡ್ತೀನಿ."

"ಮನೆ ಕೆಲಸ ಬಿಟ್ಟು ದಿನಾ ಹರಿಹರಕ್ಕೆ ಏನು ಯಾತ್ರೆ?"

ಅದಕ್ಕೆ ಹರೀಶ ಹೊರಗಿನಿಂದಲೇ ಉತ್ತರ ಕೊಟ್ಟ. "ಸೊಸೆ ನೌಕರಿ ಮಾಡ್ತಾಳೆ, ಅತ್ತೆ ಬಾಡಿಗಾರ್ಡ್ ಮಾಡ್ತಾಳೆ ಕಣ್ರಿ. ನಮ್ಮ ಮನೆಯಾಗೆ ಇಬ್ಬರಿಗೂ ಡ್ಯೂಟಿ."

ಉಚ್ಚಂಗಮ್ಮ ಮಗನ ಕಡೆ ನೋಡದೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು.

ಆ ಸಂಜೆ ಹರಿಹರದಿಂದ ಬರುವ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಂತೆಯ ಚೀಲಗಳು, ಕಾಲೇಜು ಹುಡುಗರು. ಸುಮಾ ಕೂಸನ್ನು ಎತ್ತಿಕೊಂಡು ಕಂಬಕ್ಕೆ ಒರಗಿದ್ದಳು. ಉಚ್ಚಂಗಮ್ಮ ಮೇಲಿನ ಸರಳು ಹಿಡಿದು ನೇತಾಡುತ್ತಿದ್ದಳು. ಬಸ್ಸು ಹೊರಟು ಹತ್ತು ನಿಮಿಷಕ್ಕೆ ಕೂಸು ಬಾಯಿ ತೆರೆಯಿತು. ಮೊದಲು ಗೊಣಗಾಟ, ಆಮೇಲೆ ಅಳು, ಆಮೇಲೆ ಉಸಿರು ಕಟ್ಟುವ ಕಿರುಚಾಟ. ಸುಮಾ ಅತ್ತೆಯ ಮುಖ ನೋಡಿದಳು. ಸೀಟು ಅತ್ತೆ ಹಿಡಿಯಬೇಕು, ಅಡ್ಡ ಅತ್ತೆ ಕೂರಬೇಕು, ಆಮೇಲೆ ತಾನು. ಇಷ್ಟು ದಿನ ಹಾಗೇ ನಡೆದಿತ್ತು.

ಉಚ್ಚಂಗಮ್ಮ ಅತ್ತಿತ್ತ ನೋಡಿದಳು. ಯಾರನ್ನಾದರೂ ಏಳಿಸಬೇಕು, ಜಗಳ ಆಡಬೇಕು, ಮೊಣಕೈ ಬೀಸಬೇಕು. ಬೆಳಗಿನಿಂದ ಇದು ನಾಲ್ಕನೇ ಬಸ್ಸು. ಮನೆಯಲ್ಲಿ ಹನ್ನೊಂದು ಬ್ಲೌಸು ಕಾದಿದ್ದವು.

"ಸುಮಾ," ಎಂದಳು. "ಸಾಕವ್ವ. ನನ್ನ ಕೈಲಿ ಆಗಲ್ಲ. ಕೆಲಸ ಬಿಟ್ಬಿಡು."

ಅಂದಾದ ಮೇಲೆ ತಾನೇನು ಅಂದೆ ಎಂಬುದು ಅವಳಿಗೆ ಗೊತ್ತಾಯಿತು. ಸುಮಾಳಿಗೂ ಗೊತ್ತಾಯಿತು. ತಾಯಿಗೆ ಕೊಟ್ಟ ಮಾತು ಕೇಳಿಸಿಕೊಂಡು ಅವತ್ತು ಬಾಗಿಲ ಹಿಂದೆ ನಿಂತಿದ್ದ ಹುಡುಗಿ ಅವಳು. ಅತ್ತೆಯ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಪಕ್ಕದ ಸೀಟಿನಲ್ಲಿ ಕಿವಿಗೆ ವೈರು ಸಿಗಿಸಿಕೊಂಡು ಕೂತಿದ್ದ ಹುಡುಗನ ಹೆಗಲು ತಟ್ಟಿದಳು.

"ಸ್ವಲ್ಪ ಏಳಪ್ಪ. ಕೂಸಿಗೆ ಹಾಲು ಕುಡಿಸ್ಬೇಕು."

ತರಗತಿಯಲ್ಲಿ ಹಿಂದಿನ ಬೆಂಚಿಗೆ ಕೇಳಿಸುವ ಹಾಗೆ ಮಾತಾಡುವ ದನಿ ಅದು. ಉಚ್ಚಂಗಮ್ಮ ಮನೆಯಲ್ಲಿ ಅದನ್ನು ಕೇಳಿರಲಿಲ್ಲ. ಹುಡುಗ ಎದ್ದ ರಭಸಕ್ಕೆ ತಲೆ ಸರಳಿಗೆ ಬಡಿಯಿತು. ಕಿಟಕಿಯ ಕಡೆ ಒಬ್ಬ ಮುದುಕ ಕೂತಿದ್ದ. "ಕೂಡವ್ವ," ಎಂದು ಮುಖ ಹೊರಗೆ ತಿರುಗಿಸಿಕೊಂಡ. ಸುಮಾ ಓಡಾಡುವ ದಾರಿಯ ಕಡೆಯ ಸೀಟಿನಲ್ಲೇ ಕೂತಳು. ಅಡ್ಡ ಯಾರೂ ಇಲ್ಲ. ಹೆಗಲ ಪಿನ್ನು ತೆಗೆದು ಹಲ್ಲಿನಲ್ಲಿ ಕಚ್ಚಿಕೊಂಡಳು, ಸೆರಗು ಇಳಿಬಿಟ್ಟಳು, ಒಳಗೆ ಕೈ ಹಾಕಿದಳು. ಟಿಚ್ ಬಟನ್ನು ಬಿಟ್ಟ ಸದ್ದು ಉಚ್ಚಂಗಮ್ಮನಿಗೆ ಕೇಳಿಸಿತು. ಕೂಸು ಸುಮ್ಮನಾಯಿತು.

ಬಾಗಿಲ ಹತ್ತಿರ ನಿಂತಿದ್ದ ಒಬ್ಬ ಬಾಗಿ ಬಾಗಿ ನೋಡತೊಡಗಿದ. ಸುಮಾಳ ಕಿವಿ ಕೆಂಪಾಯಿತು. ಆದರೂ ಅವಳು ಮುಖ ಎತ್ತಿ, "ಏನ್ರಿ, ಕೂಸಿನ ಪರಿಚಯ ಐತಾ?" ಎಂದಳು.

ಹಿಂದಿನ ಸೀಟಿನ ಹೆಂಗಸರು ಕಿಸಕ್ಕನೆ ನಕ್ಕರು. "ಹೆಸರು ಕೇಳಣ್ಣ, ನಾಮಕರಣಕ್ಕೆ ಬರೋದು ತಪ್ಪಿತ್ತೇನೋ," ಎಂದಳು ಒಬ್ಬಳು. ಅವನು ತನ್ನ ಸ್ಟಾಪು ಹುಡುಕುವವನ ಹಾಗೆ ಹೊರಗೆ ನೋಡಿದ.

ದೊಡ್ಡಬಾತಿ ದಾಟಿತು. ಸುಮಾ ಕೂಸಿನ ತಲೆ ಸವರುತ್ತ, "ಅತ್ತೆ, ನಾಳೆಯಿಂದ ನೀವು ಬರಬ್ಯಾಡ್ರಿ," ಎಂದಳು.

"ಬಿಡ್ತೀಯಾ ಹಂಗಾದ್ರೆ?"

"ಇಲ್ಲ. ಒಬ್ಬಳೇ ಹೋಗ್ತೀನಿ."

ಉಚ್ಚಂಗಮ್ಮ ಸರಳನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು.

ಮನೆಗೆ ಬಂದು ಅನ್ನಕ್ಕಿಟ್ಟರು, ಬೆಳಗಿನ ಸಾರು ಬಿಸಿ ಮಾಡಿದರು. ಹರೀಶ ಬಂದು, "ಏನವ್ವಾ, ಡ್ಯೂಟಿ ಹೆಂಗಾತು?" ಎಂದು ಕೆಣಕಿದ. "ನೀ ಕೂಸು ಹಿಡ್ಕ, ಆಕಿ ಉಣ್ಣಲಿ," ಎಂದಳು ಉಚ್ಚಂಗಮ್ಮ. ಊಟವಾದ ಮೇಲೆ ದ್ರಾಕ್ಷಾಯಣಮ್ಮನವರ ಬ್ಲೌಸಿಗೆ ಹುಕ್ಕು ಹಾಕಲು ಕೂತಳು. ಸುಮಾ ಪಾತ್ರೆ ತೊಳೆದು ಬಂದು, ಕೇಳದೇ, ಸೂಜಿಗೆ ದಾರ ಪೋಣಿಸಿ ಕೊಟ್ಟಳು.

ಕೆಂಚಮ್ಮನಿಗೆ ಕೊಟ್ಟ ಮಾತನ್ನು ಉಚ್ಚಂಗಮ್ಮ ಆ ಗುರುವಾರ ಸಂಜೆ ಮುರಿದಿದ್ದಳು. ಶುಕ್ರವಾರ ಎಂಟೂಕಾಲರ ಬಸ್ಸಿಗೆ ಸುಮಾ ಕೆಲಸಕ್ಕೆ ಹೋದಳು.